ಚೀಲ ತುಂಬಿದ ದಿನ

ನಮ್ಮ ಲ್ಯಾಬಿನಲ್ಲಿ ಅಪಾಯದ ಪೆಟ್ಟಿಗೆ ಕೂಗಿಕೊಂಡರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಸುಳಿದರೆ ಕೂಗಬೇಕಾದ ಪೆಟ್ಟಿಗೆ ಅದು. ಹೈಡ್ರೋಜನ್ ಸುಳಿದರೂ ಮೋಸಹೋಗಿ ಕೂಗುತ್ತದೆ. ವಿಚಿತ್ರವೆಂದರೆ ನಮಗೆ ಬೇಕಾದದ್ದು ಆ ವಿಷಗಾಳಿಯೇ. ಬಿಸಿಲಿನ ಬಲದಿಂದ ಇಂಗಾಲದ ಡೈಆಕ್ಸೈಡನ್ನು ಅದಕ್ಕೆ ತಿರುಗಿಸಿದರೆ ಮುಂದೆ ಇಂಧನವನ್ನೂ ಮಾಡಬಹುದು, ಪ್ಲಾಸ್ಟಿಕ್ಕನ್ನೂ ಮಾಡಬಹುದು. ಆದರೆ ಆ ಕೆಲಸಕ್ಕೆಂದು ನಾವು ಮಾಡಿದ ಪುಡಿಗಳೋ ಮಹಾ ಸೋಮಾರಿಗಳು. ಜೊತೆಗಿದ್ದ ನೀರನ್ನಷ್ಟೇ ಒಡೆದು, ಒಂದಿಷ್ಟು ಹೈಡ್ರೋಜನ್ ಬಿಟ್ಟು ಸುಮ್ಮನಾಗುತ್ತಿದ್ದವು. ಹಾಗಾಗಿ ಪೆಟ್ಟಿಗೆ ಕೂಗಿದರೆ ನಮಗೆ ಭಯವಾಗುತ್ತಿರಲಿಲ್ಲ, ಅವಮಾನವಾಗುತ್ತಿತ್ತು.

ಪುಡಿ ಮಾಡುವವಳು ನನ್ನ ನಾದಿನಿ, ಬಂದ ಗಾಳಿಯನ್ನು ಅಳೆಯುವವಳು ನಾನು. ಪುಡಿ ಬಳಿದ ಗಾಜಿನ ಫಲಕಗಳು ತಾರಸಿಯ ತುಂಬಾ ಇದ್ದವು. ಅವುಗಳ ಕೊಳವೆಗಳೆಲ್ಲ ಅಲ್ಲೇ ಇದ್ದ ಪುಟ್ಟ ಕೋಣೆಯೊಳಗೆ, ಒಂದು ದೊಡ್ಡ ಚೀಲಕ್ಕೆ ಸೇರುತ್ತಿದ್ದವು. ಸಂದುಗಳಿಂದ ಅಷ್ಟಿಷ್ಟು ಸೋರುವುದು ಇದ್ದೇ ಇತ್ತು, ಅಲ್ಲಿನ ಪೆಟ್ಟಿಗೆ ಕೂಗುತ್ತಿದ್ದುದು ಅದಕ್ಕೇ. ಚೀಲ ತುಂಬಿದರೆ ಹೆಚ್ಚಿನ ಗಾಳಿ ಕೋಣೆಯೊಳಗೇ ಬಿಡುಗಡೆಯಾಗುತ್ತಿತ್ತು. ಅದನ್ನು ಹೊರಗೆ ಹಾಯಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆ ಚೀಲ ಕಾಲುಭಾಗಕ್ಕಿಂತ ಹೆಚ್ಚು ಉಬ್ಬಿದ್ದನ್ನು ನಾವು ಕಂಡೇ ಇರಲಿಲ್ಲ.

ಅಂದು ಬೆಳಿಗ್ಗೆ ಹೊಸ ಪುಡಿಯ ಫಲಕಗಳನ್ನು ಬಿಸಿಲಿಗೊಡ್ಡಿ ನಾದಿನಿ ಮೇಲಿನ ಕೋಣೆಯಿಂದ ಫೋನ್ ಮಾಡಿದಳು. "ಅತ್ತಿಗೆ, ಇದೂ ಕೈಕೊಟ್ರೆ ಒಂದು ವಾರ ಪಾತ್ರೆ ನಾನೇ ತೊಳೀತೀನಿ."

"ಕೈಕೊಡದಿದ್ರೆ?"

"ಜೀವಮಾನ ಪೂರ್ತಿ ನೀವು."

ಅವಳ ಹಿಂದೆ ಪೆಟ್ಟಿಗೆ ಚೀರುತ್ತಿತ್ತು. "ನಿನ್ನ ಪೆಟ್ಟಿಗೆ ಆಗ್ಲೇ ಮಾನ ಕಳೀತಿದೆ ಕಣೇ," ಎಂದೆ.

"ತಾಳಿ, ಅದರ ಬ್ಯಾಟರಿ ಕೀಳ್ತೀನಿ. ಧೂಳು ಬೇರೆ, ಬಾಗಿಲು ಕಿಟಕಿ ಎಲ್ಲಾ ಹಾಕ್ಕೊಂಡು ಕೂತಿದೀನಿ." ಚೀರುವುದು ನಿಂತಿತು. ನಾನೂ ನಕ್ಕು ಫೋನಿಟ್ಟೆ.

ಬಿಸಿಲು ನೆತ್ತಿಗೇರಿದಾಗ ಚೀಲದಿಂದ ಕೆಳಗಿಳಿದ ಸಣ್ಣ ಕೊಳವೆಯನ್ನು ನನ್ನ ಅಳೆಯುವ ಯಂತ್ರಕ್ಕೆ ಜೋಡಿಸಿದೆ. ಪರದೆಯ ಮೇಲೆ ಹೈಡ್ರೋಜನ್ ಇರಬೇಕಾದ ಜಾಗದಲ್ಲಿ ಗೆರೆ ಅಲ್ಲಾಡಲೇ ಇಲ್ಲ. ಮೊನಾಕ್ಸೈಡಿನ ಜಾಗದಲ್ಲಿ ಪರದೆಯನ್ನೇ ದಾಟಿಹೋಯಿತು. ಒಬ್ಬಳೇ ಕುಣಿದುಬಿಟ್ಟೆ! ಅವಳಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಸತಾಯಿಸುತ್ತಿದ್ದಾಳೆಂದು ಮತ್ತೆ ಹಚ್ಚಿದೆ. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಆಗ ಹೊಳೆಯಿತು: ಹೈಡ್ರೋಜನ್ನೇ ಇಲ್ಲವಲ್ಲ, ಹಾಗಾದರೆ ಪೆಟ್ಟಿಗೆ ಕೂಗಿದ್ದು ಯಾವುದಕ್ಕೆ?

ಚಪ್ಪಲಿಯನ್ನು ಅಲ್ಲೇ ಒದ್ದುಬಿಟ್ಟೆ. "ಯಾರಾದ್ರೂ ಬನ್ರೀ!" ಎಂದು ಅರಚುತ್ತಾ ಮೆಟ್ಟಿಲೇರಿದೆ. ನಾನು ಮೊದಲೇ ಪುಕ್ಕಲಿ. ಅವಳ ಅಣ್ಣನಿಗೆ ಏನು ಹೇಳಲಿ, ಯಾವ ಮುಖ ಹೊತ್ತು ಮನೆಗೆ ಹೋಗಲಿ ಎಂಬುದೊಂದೇ ತಲೆಯಲ್ಲಿ.

ಗಾಜಿನ ಬಾಗಿಲಾಚೆ ಅವಳು ಮೇಜಿನ ಮೇಲೆ ತಲೆಯಿಟ್ಟು ಮಲಗಿದಂತಿದ್ದಳು. ಕೆನ್ನೆ ಕೆಂಪಗೆ, ಒಳ್ಳೆಯ ಆರೋಗ್ಯವಂತಳಂತೆ. ನನ್ನನ್ನು ಹೆದರಿಸಿದ್ದೇ ಅದು. ಆ ಗಾಳಿ ರಕ್ತಕ್ಕೆ ಸೇರಿದರೆ ಮೈ ಹಾಗೆ ಕೆಂಪೇರುತ್ತದೆಂದು ಓದಿದ್ದೆ. ಅವಳ ಪಕ್ಕದಲ್ಲಿ ಚೀಲ ಬಿಗಿಯಾಗಿ ಉಬ್ಬಿ ನಿಂತಿತ್ತು. ವಾಸನೆಯಿಲ್ಲದ, ಬಣ್ಣವಿಲ್ಲದ ಗಾಳಿ. ಎಲ್ಲಿದೆ, ಎಷ್ಟಿದೆ ಎಂದು ಹೇಗೆ ತಿಳಿಯಬೇಕು? ಉಸಿರು ಕಟ್ಟಿ ಒಳನುಗ್ಗಿ, ಅವಳ ಕಂಕುಳಿಗೆ ಕೈಹಾಕಿ ದರದರ ಹೊರಗೆಳೆದೆ. ಓಡಿಬಂದವರು ಫಲಕಗಳ ಮೇಲೆ ಟಾರ್ಪಾಲು ಎಳೆದರು. ಬಿಸಿಲಿಗೆ ಸ್ವಿಚ್ ಇಲ್ಲ, ಮುಚ್ಚದೆ ಗಾಳಿ ಬರುವುದು ನಿಲ್ಲುವುದಿಲ್ಲ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಸಂಜೆ ಹೊತ್ತಿಗೆ ಕಣ್ಣು ಬಿಟ್ಟಳು. ಜೀವಕ್ಕೆ ಅಪಾಯವಿಲ್ಲ, ನೆನಪಿನ ಮಾತು ಈಗಲೇ ಹೇಳಲಾಗದು ಎಂದರು ಡಾಕ್ಟರು. ನಮ್ಮ ಮುಖ್ಯಸ್ಥರು ಮಂಚದ ಬಳಿ ಬಗ್ಗಿ, "ಏನಮ್ಮಾ ಹಾಕಿದ್ದೆ ಆ ಪುಡಿಗೆ?" ಎಂದು ಕೇಳಿಯೇಬಿಟ್ಟರು.

"ಯಾವ ಪುಡಿ ಸಾರ್?" ಎಂದಳು.

ಅಷ್ಟು ಹೊತ್ತು ಅವಳು ಉಸಿರಾಡಿದರೆ ಸಾಕು ಎಂದುಕೊಂಡಿದ್ದ ನನಗೆ ಈಗ ಹೊಸ ಭಯ ಹಿಡಿಯಿತು. ಪುಡಿ ಹಾಳಾಗಿ ಹೋಗಲಿ. ನನ್ನನ್ನು ನೋಡಿ ಯಾರು ನೀವು ಎಂದುಬಿಟ್ಟರೆ? ಹತ್ತಿರ ಹೋಗಲು ಧೈರ್ಯ ಸಾಲದೆ ಬಾಗಿಲಲ್ಲೇ ನಿಂತೆ. ಅವಳು ನಿಧಾನವಾಗಿ ಇತ್ತ ತಿರುಗಿದಳು. ನನ್ನ ಮುಖ ನೋಡಿದಳು. ಕೆಳಗೆ ನೋಡಿದಳು.

"ಇದೇನ್ ಅತ್ತಿಗೆ," ಎಂದಳು ಒಣಗಿದ ದನಿಯಲ್ಲಿ, "ಬರಿಗಾಲಲ್ಲಿ ಬಂದಿದೀರಾ?"

ನಾನು ಅಲ್ಲೇ ನೆಲದ ಮೇಲೆ ಕೂತು ಗೊಳೋ ಎಂದು ಅತ್ತೆ.