ಎಕಂಬಾದ ಓಟು, ಚಿದ್ರಿಯ ಓಣಿ

ಚುನಾವಣೆ ಬಂತೆಂದರೆ ಬೀದರದ ಚಿದ್ರಿಯ ಆ ಓಣಿಗೆ ಎರಡು ಜೀಪು ಬರುತ್ತಿದ್ದವು. ಒಂದು ಔರಾದ ತಾಲೂಕಿನ ಎಕಂಬಾದ್ದು, ಇನ್ನೊಂದು ಭಾಲ್ಕಿ ತಾಲೂಕಿನ ಮೆಹಕರದ್ದು. ಊರು ಬಿಟ್ಟು ಇಲ್ಲಿ ನೆಲೆಸಿದವರನ್ನು ತುಂಬಿಕೊಂಡು ಹೋಗಿ, ಓಟು ಹಾಕಿಸಿ, ಉಣ್ಣಿಸಿ, ಮತ್ತೆ ತಂದು ಇಳಿಸುತ್ತಿದ್ದವು. ಎಕಂಬಾದ ಜೀಪು ಕಳಿಸುತ್ತಿದ್ದವನು ಈ ಓಣಿಯ ಸಿದ್ದೇಶ್ವರಿಯ ಮಾವ ದತ್ತಾತ್ರಿ. ಕುರಿ ಕಾಯುವ ಮನೆತನದ ಹಿರಿಯ ಅವನು. ಅವನು ಕೈ ತೋರಿಸಿದ ಕಡೆಗೆ ಅವನ ಮಂದಿಯೆಲ್ಲ ಓಟು ಹಾಕುತ್ತಿದ್ದರು. ಅದೇ ಕಾರಣಕ್ಕೆ ಔರಾದದ ಪಕ್ಷದ ಕಚೇರಿಯಲ್ಲಿ ಅವನಿಗೊಂದು ಕುರ್ಚಿ ಇತ್ತು.

ಊರಿನ ಮೇಯುವ ಬಯಲೆಲ್ಲ ನೇಗಿಲಿಗೆ ಬಿದ್ದ ಮೇಲೆ ಸಿದ್ದೇಶ್ವರಿ ಮತ್ತು ಅವಳ ಗಂಡ ದಿಲೀಪ ತಮ್ಮ ಪಾಲಿನ ಕುರಿ ಮಾರಿ ಚಿದ್ರಿಯಲ್ಲಿ ಹಿಟ್ಟಿನ ಗಿರಣಿ ಹಾಕಿದ್ದರು. ಅವರ ಹಿಂದೆ ನೆಂಟರು ಬಂದರು, ನೆಂಟರ ನೆಂಟರು ಬಂದರು. ಓಣಿಯ ಒಂದು ಬದಿ ಎಕಂಬಾ ಕಡೆಯವರದಾಯಿತು. ಎದುರು ಬದಿಯಲ್ಲಿ ಮೆಹಕರದಿಂದ ಬಂದ ಬೌದ್ಧ ಮನೆಗಳು. ಈ ಬದಿಯವರಿಗೆ ಕನ್ನಡ ಹೆಚ್ಚು, ಆ ಬದಿಯವರಿಗೆ ಮರಾಠಿ ಹೆಚ್ಚು. ನಡುವೆ ಕೊಳಚೆ ನೀರು ಹರಿಯುವ ಒಂದು ತೆರೆದ ಗಟಾರ.

ಒಂದು ಮಳೆಗಾಲ ಆ ಗಟಾರ ಉಕ್ಕಿ ಎರಡೂ ಬದಿಯ ಮನೆಗಳಿಗೆ ನುಗ್ಗಿತು. ಸಿದ್ದೇಶ್ವರಿಯ ಮಗಳು ಕಾಜಲ ಜ್ವರದಿಂದ ಹಾಸಿಗೆ ಹಿಡಿದಳು. ಎದುರು ಮನೆಯ ಮುದುಕಿ ಕೌಸಲ್ಯಾಬಾಯಿ ವಾಂತಿಭೇದಿಯಾಗಿ ದವಾಖಾನೆ ಸೇರಿದಳು. ಅವಳ ಸೊಸೆ ಸುಮನ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು. ಅಲ್ಲಿಯವರೆಗೆ ಈ ಇಬ್ಬರು ಹೆಂಗಸರ ಮಾತು ಜೋಳ ಬೀಸುವುದಕ್ಕಷ್ಟೇ ಇತ್ತು. ಆ ವಾರ ಇಬ್ಬರೂ ಕೂಡಿ ನಗರಸಭೆ ಸದಸ್ಯ ಮಾಣಿಕನ ಮನೆಗೆ ಹೋದರು.

ಮಾಣಿಕ ಚಹಾ ಕೊಟ್ಟ. ಎಲ್ಲ ಕೇಳಿಸಿಕೊಂಡು ಹೇಳಿದ, "ನಿಮ್ಮ ಓಟು ಎಲ್ಲಿ ಅದಾವ್ರಿ ಅಕ್ಕಾ? ಊರಾಗ. ಅಲ್ಲಿ ಓಟು ಹಾಕಿ ಇಲ್ಲಿ ಗಟಾರ ಕೇಳಿದ್ರ ಹ್ಯಾಂಗ್ರಿ? ನನಗ ಓಟು ಕೊಟ್ಟೋರ ಓಣೀನೇ ಇನ್ನಾ ಮುಗಿದಿಲ್ಲ."

ಸಿದ್ದೇಶ್ವರಿ ಮಾವನಿಗೆ ಫೋನು ಹಚ್ಚಿದಳು. ದತ್ತಾತ್ರಿ ಔರಾದಕ್ಕೆ ಹೋಗಿ ಪಕ್ಷದ ನಾಯಕನನ್ನು ಕೇಳಿಯೂ ಬಂದ. ಬೀದರದಲ್ಲಿ ಇರುವವರ ಗಟಾರ ಬೀದರದವರೇ ನೋಡಿಕೊಳ್ಳಲಿ ಎಂದು ನಾಯಕ ನಕ್ಕನಂತೆ. ಮಾವ ಅದನ್ನು ಹೇಳಿದಾಗ ಅವನ ದನಿಯಲ್ಲಿ ಬೇಸರವೇನೂ ಇರಲಿಲ್ಲ. ಸಿದ್ದೇಶ್ವರಿಗೆ ಚುಚ್ಚಿದ್ದು ಅದೇ.

ಮರುದಿನದಿಂದ ಗಿರಣಿಗೆ ಬಂದವರಿಗೆಲ್ಲ ಅವಳದು ಒಂದೇ ಮಾತು. "ಹಬ್ಬಕ್ಕ ಊರಿಗಿ ಹೋಗ್ರಿ, ಮದುವಿಗಿ ಹೋಗ್ರಿ, ಯಾರು ಬ್ಯಾಡ ಅಂತಾರ? ಆದ್ರ ಓಟು ನಾವು ಉಸಿರಾಡೋ ಕಡಿ ಇರ್ಲಿ." ಊರಿನ ನಂಟು ಕಡಿದು ಹೋಗುತ್ತದೆಂದು ಕೆಲವರು ಹೆದರಿದರು. ಹೊಲದ ಹಕ್ಕೇ ಹೋಗುತ್ತದೆಂದು ಯಾರೋ ಸುದ್ದಿ ಹಬ್ಬಿಸಿದರು. ಎದುರು ಬದಿಯಲ್ಲಿ ಸುಮನ, ಈ ಬದಿಯಲ್ಲಿ ಸಿದ್ದೇಶ್ವರಿ, ಮನೆ ಮನೆಗೆ ಹೋಗಿ ತಿಳಿಹೇಳಿದರು. ಮುಂದಿನ ಚುನಾವಣೆ ಬರುವಷ್ಟರಲ್ಲಿ ಹೆಚ್ಚು ಕಡಿಮೆ ಇಡೀ ಓಣಿಯ ಓಟು ಚಿದ್ರಿಯ ಮತದಾರರ ಪಟ್ಟಿಗೆ ಬಂದಿತ್ತು. ಜೀಪುಗಳು ಬಂದವು, ಹಾರ್ನು ಹೊಡೆದವು, ಬರಿದಾಗಿ ಹೋದವು.

ಆ ಸಲ ದತ್ತಾತ್ರಿಯ ಪಕ್ಷ ಎಕಂಬಾದಲ್ಲಿ ಹಿಂದೆ ಬಿತ್ತು. ಅವನು ಫೋನಿನಲ್ಲಿ ಕೂಗಾಡಿದ. "ನಾಕ ಮಂದ್ಯಾಗ ನನ್ನ ಇಜ್ಜತ್ ತೆಗೆದಿ! ಮನಿ ಸೊಸಿ ಅಂತ ತಿಳ್ಕೊಂಡಿದ್ದೆ."

"ಮನಿ ಸೊಸೀನೇ ಇದ್ದೇನ್ರಿ ಮಾವಾ. ನಿಮ್ಮ ಮೊಮ್ಮಗಳು ಗಟಾರದ ನೀರಾಗ ಮಲಗಿದ್ಲು," ಎಂದಳು ಸಿದ್ದೇಶ್ವರಿ. ಫೋನು ಕಟ್ಟಾಯಿತು.

ಆಮೇಲೆ ನಗರಸಭೆ ಚುನಾವಣೆ ಬಂತು. ಆ ವಾರ್ಡು ಮಹಿಳೆಗೆ ಮೀಸಲಾಯಿತು. ಎರಡೂ ಬದಿಯವರು ಕೂತು ಮಾತಾಡಿ, ಯಾವ ಪಕ್ಷವೂ ಬೇಡ, ಸುಮನ ನಿಲ್ಲಲಿ ಎಂದು ಒಪ್ಪಿಕೊಂಡರು. ಮೊದಲು ಹೆಸರು ಎತ್ತಿದವಳು ಸಿದ್ದೇಶ್ವರಿಯೇ. ಸುಮನಳಿಗೆ ಕಚೇರಿಯವರ ಮುಂದೆ ನಿಂತು ಮಾತಾಡುವ ಧೈರ್ಯವಿತ್ತು, ಅಪ್ಪಟ ಕನ್ನಡವೂ ಮರಾಠಿಯೂ ಬರುತ್ತಿದ್ದವು.

ನಾಮಪತ್ರಕ್ಕೆ ಇನ್ನೂ ಸಮಯವಿರುವಾಗ ಒಂದು ಮುಂಜಾನೆ ಗಿರಣಿಯ ಮುಂದೆ ಬಿಳಿ ಕಾರು ನಿಂತಿತು. ಮಾವನ ಪಕ್ಷದ ಬೀದರದ ಮುಖಂಡನೊಬ್ಬ ಇಳಿದ. ಅವನ ಹಿಂದೆ ಹೊಸ ರುಮಾಲು ಸುತ್ತಿದ ದತ್ತಾತ್ರಿ ಇಳಿದ. ಫೋನು ಕಟ್ಟಾದ ಮೇಲೆ ಮಾವನನ್ನು ಅವಳು ಕಂಡದ್ದು ಅದೇ ಮೊದಲು.

"ಟಿಕೆಟು ನಿಮಗೇ ರೀ," ಎಂದ ಮುಖಂಡ. "ಬೆಂಗಳೂರಿಂದ ಹೇಳಿ ಕಳಿಸ್ಯಾರ. ಹಳ್ಳಿ ಖಾಲಿ ಆಗ್ಲಿಕತ್ತಾವ, ಹೊಸ ಓಣಿಗಳ್ನ ಹಿಡೀರಿ ಅಂತ. ಈ ವಾರ್ಡಿನಾಗ ನಿಮ್ಮ ಮಂದೀದೇ ಜೋರು. ಎದುರಿನವ್ರು ಕಮ್ಮಿ ಅದಾರ. ಗೆದ್ದ ಮ್ಯಾಲೆ ನಿಮ್ಮ ಸಮಾಜಕ್ಕ ಒಂದು ಭವನ."

"ಹಾಂ ಅನ್ನವ್ವಾ," ಎಂದ ದತ್ತಾತ್ರಿ. ಕೂಗಲಿಲ್ಲ, ಬೇಡಿದ. "ನಮ್ಮ ಮನ್ಯಾಗ ಇಲ್ಲಿತನಕ ಒಬ್ರೂ ಗಾದಿ ಮ್ಯಾಲೆ ಕೂತಿಲ್ಲ. ಜಲ್ಮೆಲ್ಲ ನಾನು ಇನ್ನೊಬ್ರಿಗಿ ಕುರ್ಚಿ ಹೊತ್ತೀನಿ."

ಸಿದ್ದೇಶ್ವರಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬ್ಯಾನರಿನ ಮೇಲೆ ತನ್ನ ಮುಖ, ಎಕಂಬಾದ ಕಟ್ಟೆಯ ಮೇಲೆ ಮಾವನ ಎತ್ತಿದ ತಲೆ, ಎರಡೂ ಕಣ್ಣ ಮುಂದೆ ಬಂದವು. ಅವಳು ಗಿರಣಿ ಬಂದ್ ಮಾಡಿದಳು. ಸದ್ದು ನಿಂತಾಗ ಎದುರು ಮನೆಯಲ್ಲಿ ಕೌಸಲ್ಯಾಬಾಯಿ ಕೆಮ್ಮುವುದು ಕೇಳಿಸಿತು.

"ಸುಮನಾಗ ಮಾತು ಕೊಟ್ಟೀನ್ರಿ."

"ಮಾತು ಕೊಟ್ಟಾಗ ಟಿಕೆಟು ಇರ್ಲಿಲ್ಲಲ್ರಿ," ಎಂದ ಮುಖಂಡ.

"ಅದಕ್ಕೇ ಈಗ ಅದನ್ನ ಉಳಿಸ್ಕೋಬೇಕು. ನೀವು ನಮ್ಗ ಭವನ ಕೊಡ್ತೀರಿ, ಇನ್ನೊಬ್ರು ಬಂದು ಅವ್ರಿಗಿ ಬುದ್ಧ ವಿಹಾರ ಕೊಡ್ತೀನಿ ಅಂತಾರ. ನಾವು ಎರಡ ಪಾಲಾಗ್ತೇವಿ. ಗಟಾರ ನಡುವ ಹಂಗೇ ಹರಿತದ. ನಾನು ನಿಂದ್ರಂಗಿಲ್ರಿ."

ದತ್ತಾತ್ರಿ ಚಹಾವನ್ನೂ ಕುಡಿಯದೆ ಕಾರು ಹತ್ತಿದ.

ಆಮೇಲಿನ ದಿನಗಳು ಸುಲಭದವಾಗಿರಲಿಲ್ಲ. ಸ್ವಂತ ಮಂದಿಯೇ ಜೋಳ ಹೊತ್ತು ದೂರದ ಗಿರಣಿಗೆ ಹೋದರು. "ಮನಿಗಿ ಬಂದ ಲಕ್ಷ್ಮೀನ ಒದ್ದಿ" ಎಂದು ದಿಲೀಪ ಎರಡು ದಿನ ಮಾತು ಬಿಟ್ಟ. ಪಕ್ಷದವರು ಅವಳ ದೂರದ ನೆಂಟಳೊಬ್ಬಳಿಗೇ ಟಿಕೆಟು ಕೊಟ್ಟರು. ಸಿದ್ದೇಶ್ವರಿ ಯಾರನ್ನೂ ಬೈಯಲಿಲ್ಲ. ದಿನಾ ಮುಂಜಾನೆ ಗಿರಣಿ ತೆರೆಯುವ ಮೊದಲು ಸುಮನಳನ್ನು ಕರೆದುಕೊಂಡು ತನ್ನ ಬದಿಯ ಬಾಗಿಲುಗಳನ್ನು ಬಡಿದಳು. ಕೆಲವರು ತೆರೆಯಲಿಲ್ಲ. ಅಂಥ ಕಡೆ ಮತ್ತೆ ಹೋದಳು. ಒಬ್ಬ ಮುದುಕಿ ಒಳಗಿನಿಂದಲೇ, "ಆಕೀನ ಯಾಕ ಕರ್ಕೊಂಡು ಬಂದಿ?" ಎಂದಾಗ, "ಆಕಿ ಮನ್ಯಾಗೂ ಇದೇ ನೀರು ಹೊಕ್ಕದ ಆಯೀ, ಅದಕ್ಕ," ಎಂದು ಹೊರಗೇ ಕೂತಳು. ಬಿಸಿಲೇರಿದಾಗ ಮುದುಕಿ ತಾನಾಗಿ ಬಾಗಿಲು ತೆರೆದು ಇಬ್ಬರಿಗೂ ನೀರು ಕೊಟ್ಟಳು. ಕಡೆಗೆ ದಿಲೀಪನೂ ಸುಮನಳ ಪ್ರಚಾರಕ್ಕೆ ಮೈಕು ಕಟ್ಟಿದ ಆಟೋ ಹತ್ತಿ ಕೂತ.

ಸುಮನ ಗೆದ್ದಳು. ಅಂತರ ತೀರ ಸಣ್ಣದು, ಎರಡು ಸಲ ಎಣಿಸಬೇಕಾಯಿತು. ಇಡೀ ನಗರದಲ್ಲಿ ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ. ಹಳ್ಳಿಯಿಂದ ಬಂದು ತುಂಬಿದ ಹೊಸ ಬಡಾವಣೆಗಳು ಹಳೆಯ ಲೆಕ್ಕಗಳನ್ನೆಲ್ಲ ತಲೆಕೆಳಗು ಮಾಡಿದ್ದವು. ಎರಡು ದೊಡ್ಡ ಪಕ್ಷದವರು ಹೂವಿನ ಹಾರ ಹಿಡಿದು ಸುಮನಳ ಮನೆ ಹುಡುಕಿಕೊಂಡು ಬಂದರು. ಅವಳು ಯಾರನ್ನೂ ಒಳಗೆ ಕರೆಯಲಿಲ್ಲ. ಓಣಿಯ ನಡುವೆಯೇ ಕುರ್ಚಿ ಹಾಕಿಸಿ, ಎರಡೂ ಬದಿಯವರ ಮುಂದೆ, ಗಟಾರ ಮುಚ್ಚುವ ಮತ್ತು ನಲ್ಲಿ ಹಾಕುವ ಮಾತು ಕೊಟ್ಟ ಪಕ್ಷಕ್ಕೆ ಬೆಂಬಲ ಕೊಟ್ಟಳು. ಕೆಲಸ ಶುರುವಾದ ದಿನ ಸಿದ್ದೇಶ್ವರಿ ಗಿರಣಿ ನಿಲ್ಲಿಸಿ ಅದನ್ನೇ ನೋಡುತ್ತ ನಿಂತಳು.

ಅದೇ ವಾರ ದತ್ತಾತ್ರಿ ಬಂದ. ಈ ಸಲ ಕಾರಿರಲಿಲ್ಲ. ಮೊಮ್ಮಗಳು ಕೊಟ್ಟ ನೀರು ಕುಡಿದು, ಅಗೆದ ಮಣ್ಣನ್ನು ನೋಡುತ್ತ ಕೂತ.

"ನಿಮ್ಮ ಓಟೂ ಇಲ್ಲಿಗೇ ತರೋಣೇನ್ರಿ ಮಾವಾ?" ಎಂದಳು ಸಿದ್ದೇಶ್ವರಿ.

"ಬ್ಯಾಡ," ಎಂದ ಅವನು. "ಎಕಂಬಾಕ್ಕ ಮುಂಜಾನಿ ಬಸ್ಸು ಬಂದ್ ಮಾಡ್ಯಾರ. ಮಂದಿ ಇಲ್ಲ ಅಂತ. ನಿಮ್ಮತ್ತಿ ಸುಂದರಬಾಯಿ ಮೊಣಕಾಲು ತೋರಿಸ್ಲಿಕ್ಕ ಔರಾದಕ್ಕ ಹೋಗ್ಬೇಕಂದ್ರ ಯಾರದಾರ ಗಾಡಿ ಕಾಯ್ಬೇಕು. ಔರಾದದಾಗ ನನ್ನ ಮಾತು ಯಾರು ಕೇಳ್ತಾರ ಈಗ? ನಿನ್ನ ಹಿಂದ ಎಷ್ಟು ಓಟು ಅದಾವ ಮುದಕಾ ಅಂದ್ರು. ನಾನೂ ಬಂದ್ರ ಅಲ್ಲಿ ಕೇಳೋರು ಯಾರವ್ವಾ?"

ತಾವು ಇಲ್ಲಿ ಗಳಿಸಿದ ಬಲವೆಲ್ಲ ಎಕಂಬಾ ಕಳೆದುಕೊಂಡದ್ದೇ ಎಂಬುದು ಸಿದ್ದೇಶ್ವರಿಗೆ ಅಂದೇ ಸ್ಪಷ್ಟವಾಗಿ ಹೊಳೆದದ್ದು. ಆದರೂ ಮಾಡಿದ್ದು ತಪ್ಪೆಂದು ಅನ್ನಿಸಲಿಲ್ಲ. ಅವಳು ಎದ್ದು ಎದುರು ಮನೆಯ ಬಾಗಿಲಿಗೆ ಹೋಗಿ ಸುಮನಳನ್ನು ಕರೆದಳು.

"ಐತಾರ ಸಾಲಿ ರಜಾ ಅದಲ್ಲ? ಎಕಂಬಾಕ್ಕ ಹೋಗೋಣ. ಅಲ್ಲಿ ಹೆಣ್ಮಕ್ಕಳ್ನ ಕೂಡಿಸಿ ಮಾತಾಡ್ಬೇಕು, ಬಸ್ಸಿನ ಸಲುವಾಗಿ."

"ಬಸ್ಸೇ ಇಲ್ಲ, ಹೋಗೋದು ಹ್ಯಾಂಗ?" ಎಂದು ಸುಮನ ನಕ್ಕಳು.

"ಪ್ರಚಾರಕ್ಕ ತಂದಿದ್ದ ಆಟೋನೇ ಕೇಳ್ತೇನಿ," ಎಂದಳು ಸಿದ್ದೇಶ್ವರಿ. ಆಮೇಲೆ ಮಾವನ ಕಡೆ ತಿರುಗಿ, "ಐತಾರತನಕ ಇಲ್ಲೇ ಇರ್ರಿ. ಕೂಡೇ ಹೋಗೋಣ," ಎಂದಳು.