ಒಳಗಡೆಯ ಚಿಲಕ

ಬಿಷಪ್ಪರ ಸುತ್ತೋಲೆಯಲ್ಲಿ ಪಾರದರ್ಶಕತೆ ಎಂಬ ಮಾತು ಏಳು ಸಲ ಬಂದಿತ್ತು. ಬಡಗಿಯ ಪಾಲಿಗೆ ಅದು ಹನ್ನೊಂದು ಬಾಗಿಲು, ಅಷ್ಟೇ. ಚರ್ಚಿನ ಆವರಣದಲ್ಲಿ ಮಕ್ಕಳು ಕಾಲಿಡುವ ಪ್ರತಿ ಕೋಣೆಯ ಬಾಗಿಲನ್ನೂ ಎದೆಮಟ್ಟದಲ್ಲಿ ಒಂದೂವರೆ ಅಡಿ ಕೊರೆದು ಗಾಜು ಕೂರಿಸಬೇಕು, ಒಳಗೆ ಏನು ನಡೆಯುತ್ತಿದೆ ಎಂದು ಹೊರಗಿನವರಿಗೆ ಕಾಣಬೇಕು, ಭಾನುವಾರದೊಳಗೆ ಕೆಲಸ ಮುಗಿಯಬೇಕು. ಭಾನುವಾರ ಬಿಷಪ್ಪರೇ ಬಂದು ನೋಡುವವರಿದ್ದರು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೇ ಹೋದದ್ದು ಇನ್ನು ಮುಂದೆ ಒಂದೂವರೆ ಅಡಿ ಗಾಜಿನಲ್ಲಿ ಕಂಡುಬಿಡುತ್ತದೆ ಎಂದು ಯಾವ ಪುಣ್ಯಾತ್ಮರಿಗೆ ಹೊಳೆಯಿತೋ ಗೊತ್ತಿಲ್ಲ. ಬಡಗಿ ಕೇಳಲಿಲ್ಲ. ಅರವತ್ತೊಂದು ವರ್ಷದಲ್ಲಿ ಅವನು ಕೆಲಸ ಕೊಟ್ಟವರನ್ನು ಅಳತೆ ಎಷ್ಟು ಎಂದು ಕೇಳಿದ್ದುಂಟು, ಯಾಕೆ ಎಂದು ಕೇಳಿದ್ದಿಲ್ಲ.

ಹಿಂದಿನ ಶನಿವಾರ ಚರ್ಚಿನ ಸಭಾಂಗಣದಲ್ಲಿ ವಿಚಾರಣೆಯ ಮೊದಲ ದಿನ ನಡೆದಿತ್ತು. ಸಮಿತಿಯ ಮುಖ್ಯಸ್ಥೆ ಒಬ್ಬ ನಿವೃತ್ತ ನ್ಯಾಯಾಧೀಶೆ. ದೂರು ಕೊಟ್ಟವನು ಸಿಟಿ ಬಸ್ಸಿನ ಡ್ರೈವರ್, ಮೂವತ್ತಾರರ ಗಂಡಸು; ಊರಿನ ಅರ್ಧ ಜನ ದಿನಾ ಅವನ ಬೆನ್ನ ಹಿಂದೆ ಕೂತೇ ಕೆಲಸಕ್ಕೆ ಹೋಗುತ್ತಾರೆ. ಹನ್ನೊಂದು ವರ್ಷದವನಾಗಿದ್ದಾಗ, ಪೂಜೆಯ ಉಡುಪುಗಳನ್ನಿಡುವ ಕೋಣೆಯಲ್ಲಿ, ಆಗಿನ ಪಾದ್ರಿ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದರು, ಒಂದು ಸಲ ಅಲ್ಲ, ಹಲವು ಸಲ ಎಂದು ಅವನು ಹೇಳಿದ. ಬಸ್ಸಿನ ನಿಲ್ದಾಣಗಳನ್ನು ಕೂಗುವ ಹಾಗೆ ಒಂದೇ ಸಮನೆ, ಯಾರ ಮುಖವನ್ನೂ ನೋಡದೆ ಹೇಳಿದ. ಕೊನೆಗೆ, "ಒಳಗಡೆಯಿಂದ ಚಿಲಕ ಹಾಕ್ತಿದ್ರು" ಎಂದ.

ಚರ್ಚಿನ ಪರವಾಗಿ ಬಂದಿದ್ದ ಬಿಷಪ್ಪರ ಕಾರ್ಯದರ್ಶಿ ಆ ಮಾತನ್ನೇ ಹಿಡಿದುಕೊಂಡರು. ಅದೇ ಹಳೆಯ ಬಾಗಿಲು ಇವತ್ತಿಗೂ ಅಲ್ಲೇ ಇದೆ, ಅದಕ್ಕೆ ಒಳಗಡೆ ಚಿಲಕ ಇದ್ದ ಗುರುತೇ ಇಲ್ಲ ಎಂದು ಫೋಟೋ ತೋರಿಸಿದರು. ಗಂಟೆಯ ಹಗ್ಗದಿಂದ ಹಿಡಿದು ಮೇಣದಬತ್ತಿಯ ತಟ್ಟೆಯವರೆಗೆ ಎಲ್ಲವನ್ನೂ ಬರೆದಿಟ್ಟ ದಪ್ಪ ಪುಸ್ತಕ ತೆರೆದು, ಇದರಲ್ಲೂ ಆ ಕೋಣೆಗೆ ಚಿಲಕ ಇಲ್ಲ ಎಂದರು. ಆಮೇಲೆ ಡ್ರೈವರನ ತಾಯಿಯನ್ನು ಕರೆದರು. ಆಕೆ ದರ್ಜಿ; ನಲವತ್ತು ವರ್ಷದಿಂದ ಗಾಯನ ಮೇಳದ ಮಕ್ಕಳ ನಿಲುವಂಗಿ ಹೊಲಿದುಕೊಡುವವಳು. ಎಲ್ಲರಿಗೂ ಹೊಲಿಗೆ ಅಕ್ಕ.

"ಮಗ ಆಗ ನಿಮಗೆ ಹೇಳಿದ್ನಾ?"

"ಹೇಳಿದ್ದ."

"ನಂಬಿದ್ರಾ?"

"ಇಲ್ಲ" ಎಂದಳು ಆಕೆ. ಹೋಗಿ ಮಗನಿಂದ ಎರಡು ಬೆಂಚು ಆಚೆ ಕೂತಳು. ಹೆತ್ತವಳೇ ನಂಬದ ಮಾತನ್ನು ನಾವು ನಂಬುವುದೇ ಎಂದು ಸಭಾಂಗಣದ ತುಂಬ ಗುಸುಗುಸು ಎದ್ದಿತು. ನಾಲ್ಕನೆಯ ಸಾಲಿನಲ್ಲಿ ಕೂತಿದ್ದ ಬಡಗಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿಗೆ ಬೀಗ ಹಾಕಿಕೊಂಡು ಕೂತ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ, ಹೊಟ್ಟೆ ಸರಿಯಿಲ್ಲ ಎಂದು ಹೆಂಡತಿಗೆ ಸುಳ್ಳು ಹೇಳಿದ.

ಶುಕ್ರವಾರ ಬೆಳಿಗ್ಗೆ ಅವನು ಆ ಕೋಣೆಗೆ ಬಂದ. ಉಳಿದ ಹತ್ತು ಬಾಗಿಲಿಗೆ ಗಾಜು ಕೂರಿಸಿದರೆ ಸಾಕಿತ್ತು. ಇದಕ್ಕೆ ಮಾತ್ರ ಕಾರ್ಯದರ್ಶಿಯ ಚೀಟಿ ಬೇರೆ ಇತ್ತು: ಬಾಗಿಲು ಹಳತಾಗಿದೆ, ಹೊಸದನ್ನೇ ಹಾಕುವುದು, ಹಳೆಯದನ್ನು ಬಡಗಿ ಒಯ್ಯಬಹುದು. ಕೆಳಗೆ ಈಗಿನ ಪಾದ್ರಿಯ ಸಹಿ. ಬಾಗಿಲು ಹಳತಾಗಿದ್ದೇನೋ ನಿಜ. ಆದರೆ ಇನ್ನೂ ಐವತ್ತು ವರ್ಷ ಬಾಳುವ ಗಟ್ಟಿ ಮರ ಅದು.

ಅವನು ಕೀಲು ಬಿಚ್ಚಿ, ಬಾಗಿಲನ್ನು ಬೆಳಕಿಗೆ ತಂದು ಎರಡು ಸ್ಟೂಲುಗಳ ಮೇಲೆ ಅಡ್ಡ ಮಲಗಿಸಿದ. ಎಲ್ಲಿ ನೋಡಬೇಕೆಂದು ಹುಡುಕುವ ಅಗತ್ಯವೇ ಇರಲಿಲ್ಲ, ಬೆರಳು ತಾನಾಗಿ ಅಲ್ಲಿಗೆ ಹೋಯಿತು. ಒಳಮುಖದಲ್ಲಿ, ಮೇಲಿನ ಅಂಚಿನಿಂದ ಒಂದು ಅಡಿ ಕೆಳಗೆ, ನಾಲ್ಕು ಬೆಣೆ. ಬೇರೆ ಬಡಗಿಗಳಾದರೆ ಹಳೆಯ ಸ್ಕ್ರೂ ತೂತಿಗೆ ಒಂದಿಷ್ಟು ಪುಟ್ಟಿ ಮೆತ್ತಿ ಪಾಲಿಶ್ ಬಳಿದು ಕೈ ತೊಳೆದುಕೊಳ್ಳುತ್ತಾರೆ. ಇವನು ಹಾಗಲ್ಲ. ಅದೇ ಮರದ ಚೂರು ಹುಡುಕಿ, ಕಡ್ಡಿಯಷ್ಟು ಸಣ್ಣ ಬೆಣೆ ಕೆತ್ತಿ, ಎಳೆಗೆ ಎಳೆ ಕೂಡುವಂತೆ ತಿರುಗಿಸಿ ಬಡಿದು, ಸಮ ಮಾಡಿ ಉಜ್ಜುತ್ತಾನೆ. ಮಾಡಿದವನು ಬಿಟ್ಟರೆ ಇನ್ನೊಬ್ಬನಿಗೆ ಗೊತ್ತಾಗಬಾರದು, ಅದು ಅವನ ಹೆಮ್ಮೆ. ಕಾರ್ಯದರ್ಶಿ ತೋರಿಸಿದ ಫೋಟೋದಲ್ಲಿ ಕಾಣದೇ ಇದ್ದದ್ದು ಆ ಹೆಮ್ಮೆಯೇ.

ಚಿಲಕ ಹಾಕಿದವನೂ ಅವನೇ, ತೆಗೆದವನೂ ಅವನೇ. ನಡುವೆ ಒಂದು ವರ್ಷ, ಚಿಲ್ಲರೆ ತಿಂಗಳು. ತೆಗೆಯುವ ದಿನ ಆ ಪಾದ್ರಿ ಸ್ವತಃ ಬಡಗಿಯ ಕೆಲಸದ ಶೆಡ್ಡಿಗೆ ಬಂದು, ಇವತ್ತು ಸಂಜೆಯೇ ತೆಗೆದುಬಿಡಿ, ಗುರುತು ಉಳಿಯಬಾರದು, ಬಿಷಪ್ಪರು ಬರುವವರಿದ್ದಾರೆ ಎಂದಿದ್ದರು. ಬಿಷಪ್ಪರು ಆ ವಾರ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಎರಡು ತಿಂಗಳಿಗೆ ಪಾದ್ರಿಗೆ ಆರೋಗ್ಯದ ಕಾರಣದಿಂದ ವರ್ಗವಾಯಿತು. ಬೀಳ್ಕೊಡುಗೆ ಸಭೆಯಲ್ಲಿ ಅವರ ಮುಖ ಗುಂಡುಗುಂಡಗೆ ಹೊಳೆಯುತ್ತಿತ್ತು, ಬಡಗಿಯೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದ. ಇನ್ನು ದಪ್ಪ ಪುಸ್ತಕದ ಮಾತು. ಚರ್ಚಿನ ಸಣ್ಣಪುಟ್ಟ ಕೆಲಸಗಳನ್ನು ಅವನು ಸೇವೆ ಎಂದು ಪುಕ್ಕಟೆ ಮಾಡಿಕೊಡುತ್ತಿದ್ದ. ಬಿಲ್ಲಿಲ್ಲದ ಕೆಲಸ ಪುಸ್ತಕಕ್ಕೆ ಏರುವುದಿಲ್ಲ. ದೇವರಿಗೆಂದು ಮಾಡಿದ ಸೇವೆ ಹೀಗೆ ಪಾದ್ರಿಯನ್ನು ಕಾಪಾಡಿತ್ತು.

ಮಧ್ಯಾಹ್ನ ಮನೆಯಲ್ಲಿ ಅವನು ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಇಷ್ಟು ವರ್ಷ ನನಗೂ ಹೇಳಲಿಲ್ವಲ್ಲ ರೀ."

"ಹೇಳೋಕೆ ಏನಿತ್ತೇ? ಚಿಲಕ ಹಾಕಿದೆ, ತೆಗೆದೆ. ಕಳೆದ ಶನಿವಾರದವರೆಗೂ ಅದು ಬರೀ ಚಿಲಕ."

ಹಾಗೆ ಅಂದದ್ದು ಅವನ ಕಿವಿಗೇ ಪೂರ್ತಿ ನಿಜವೆನಿಸಲಿಲ್ಲ.

"ಸುಮ್ಮನಿದ್ದುಬಿಡಿ" ಎಂದಳು ಅವಳು. "ನಾಳೆ ಜನ ಪಾದ್ರಿನ ಬಿಟ್ಟು ನಿಮ್ಮನ್ನ ಹಿಡ್ಕೋತಾರೆ. ಚಿಲಕ ಹಾಕಿಕೊಟ್ಟೋನು ಇವನೇ ಅಂತಾರೆ. ನಾನು ಚರ್ಚಿನ ಬೆಂಚಲ್ಲಿ ಹೇಗೆ ಕೂರಲಿ?"

"ಹಾಕಿಕೊಟ್ಟೋನು ನಾನೇ ತಾನೇ."

ಅವಳು ಪಾತ್ರೆಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡಿ ತೊಳೆದಳು. ಅವನು ಚಪ್ಪಲಿ ಮೆಟ್ಟಿ ಮತ್ತೆ ಚರ್ಚಿಗೆ ನಡೆದ.

ಈಗಿನ ಪಾದ್ರಿ ಚಿಕ್ಕ ಪ್ರಾಯದವರು, ಒಳ್ಳೆಯವರು, ಹೆದರುಪುಕ್ಕಲು ಸ್ವಭಾವ. ಬಡಗಿ ತೋರಿಸಿದ ನಾಲ್ಕು ಬೆಣೆಗಳನ್ನು ಬಗ್ಗಿ ನೋಡಿದರು. ಮೊದಲು ಅವರಿಗೆ ಕಾಣಲೇ ಇಲ್ಲ, ಬಡಗಿ ಉಗುರಿನಿಂದ ಒಂದೊಂದಾಗಿ ತಟ್ಟಿ ತೋರಿಸಬೇಕಾಯಿತು.

"ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ದೀರಾ?" ಎಂಬುದೇ ಅವರ ಮೊದಲ ಮಾತು. ಕೇಳಿದ ಕೂಡಲೇ ಅವರ ಮುಖ ಕಳೆಗುಂದಿತು. ತಾನು ಏನು ಕೇಳಿದೆ ಎಂಬುದು ಅವರಿಗೇ ಅರಿವಾಗಿತ್ತು. "ಮೇಲಿನವರಿಗೆ ತಿಳಿಸ್ತೀನಿ. ಅಲ್ಲೀವರೆಗೂ ಬಾಗಿಲು ಇಲ್ಲೇ ಇರಲಿ."

"ಫಾದರ್, ಮೇಲೆ ಹೋದ ವಿಷಯ ಕೆಳಗೆ ಬಂದಿದ್ದನ್ನ ನಾನಂತೂ ನೋಡಿಲ್ಲ. ಗಂಟೆಗೋಪುರಕ್ಕೆ ಹೊಸ ಮೆಟ್ಟಿಲು ಬೇಕು ಅಂತ ಬರೆದು ಒಂಬತ್ತು ವರ್ಷ ಆಯ್ತು."

"ಆದರೂ ಒಂದು ಕ್ರಮ ಅಂತ ಇರುತ್ತಲ್ಲ."

"ಹಳೇ ಬಾಗಿಲು ನಾನು ಒಯ್ಯಬಹುದು ಅಂತ ಸಹಿ ಹಾಕಿದ್ದು ನೀವೇ. ಈಗ ಇದು ನನ್ನ ಬಾಗಿಲು."

ಪಾದ್ರಿ ಚೀಟಿಯನ್ನು ತಿರುವಿ ತಿರುವಿ ನೋಡಿದರು. ಆಮೇಲೆ ದೀರ್ಘವಾಗಿ ಉಸಿರು ಬಿಟ್ಟು, ನಿಮ್ಮ ಬಾಗಿಲನ್ನು ನೀವು ಎಲ್ಲಿಗೆ ಹೊತ್ತುಕೊಂಡು ಹೋದರೂ ನಾನು ತಡೆಯುವ ಹಾಗಿಲ್ಲ ಎಂದರು. ಅವರ ಹೆಗಲಿನಿಂದ ಭಾರ ಇಳಿದಂತೆ ಕಂಡಿತು. ತಾವಾಗಿ ಮಾಡಲಾಗದ್ದನ್ನು ಇನ್ನೊಬ್ಬರು ಮಾಡಿಬಿಟ್ಟರೆ ಒಳ್ಳೆಯವರಿಗೂ ಎಷ್ಟು ನೆಮ್ಮದಿ ಎಂದು ಬಡಗಿಗೆ ಸಿಟ್ಟೂ ಬಂತು, ಕನಿಕರವೂ ಆಯಿತು.

ಶನಿವಾರ ವಿಚಾರಣೆಯ ಎರಡನೆಯ ದಿನ. ಬೆಳಿಗ್ಗೆ ಅವನು ಬಾಗಿಲಿನ ಒಂದು ತುದಿ ಎತ್ತಿ ನೋಡಿದ. ಮೂವತ್ತರ ಹರೆಯದಲ್ಲಿ ಒಬ್ಬನೇ ಬೆನ್ನಿಗೇರಿಸಿಕೊಳ್ಳುತ್ತಿದ್ದ ಭಾರ, ಈಗ ಸೊಂಟ ಬೇಡವೆಂದಿತು. ಕೈಗಾಡಿಗೆ ಯಾರನ್ನು ಕೇಳುವುದು ಎಂದು ಯೋಚಿಸುತ್ತಿರುವಾಗ ಹೆಂಡತಿ ಬಂದಳು. ಭಾನುವಾರಕ್ಕೆಂದು ತೆಗೆದಿಟ್ಟಿದ್ದ ಸೀರೆ ಉಟ್ಟಿದ್ದಳು, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿದ್ದಳು.

"ಆ ಕಡೆ ಹಿಡೀರಿ" ಎಂದಳು. "ನೋಡೋಣ, ಯಾರು ಏನಂತಾರೆ."

ಇಬ್ಬರೂ ಬಾಗಿಲು ಹೊತ್ತು ಆವರಣ ದಾಟಿದರು. ದಾರಿಯಲ್ಲಿ ಎರಡು ಸಲ ಕೆಳಗಿಟ್ಟು ಸುಧಾರಿಸಿಕೊಂಡರು. ಅವಳು ಬೈಯುತ್ತಲೇ ಇದ್ದಳು, ನಿಧಾನ, ಕಲ್ಲು, ಕಣ್ಣು ಕಾಣಲ್ವಾ ಎಂದು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳ ಮೇಲೆ ಅವನಿಗೆ ಅಷ್ಟು ಪ್ರೀತಿ ಉಕ್ಕಿದ್ದು ಬಹುಶಃ ಅವತ್ತೇ.

ಸಭಾಂಗಣದಲ್ಲಿ ಬಾಗಿಲನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಾಗ ಎಲ್ಲರೂ ತಿರುಗಿ ನೋಡಿದರು. ಹೇಳಿಕೆ ಕೊಡುವವರ ಪಟ್ಟಿಯಲ್ಲಿ ಇವರ ಹೆಸರಿಲ್ಲ ಎಂದು ಕಾರ್ಯದರ್ಶಿ ಎದ್ದು ನಿಂತರು. ಪಟ್ಟಿ ಮಾಡಿದ್ದು ಯಾರು ಎಂದು ನ್ಯಾಯಾಧೀಶೆ ಕೇಳಿದರು. ಕಾರ್ಯದರ್ಶಿ ಕೂತರು.

ಬಡಗಿ ಸಣ್ಣ ಉಳಿ ಮತ್ತು ಸುತ್ತಿಗೆ ತೆಗೆದ. ಒಂದೊಂದು ಬೆಣೆಯ ಅಂಚಿಗೂ ಉಳಿಯ ಮೊನೆ ಇಟ್ಟು ತಟ್ಟಿ, ನಾಲ್ಕನ್ನೂ ಎಬ್ಬಿಸಿ ಮೇಜಿನ ಮೇಲಿಟ್ಟ. ಬಾಗಿಲಿನಲ್ಲಿ ನಾಲ್ಕು ತೂತು ಉಳಿದವು. ಹಾಕಿದ್ದು ಯಾವಾಗ, ಯಾರು ಹೇಳಿದ್ದು, ಪುಸ್ತಕದಲ್ಲಿ ಯಾಕಿಲ್ಲ, ಎಲ್ಲವನ್ನೂ ಹೇಳಿದ.

"ಸರಿ, ಚಿಲಕ ಇತ್ತು ಅಂತಲೇ ಇಟ್ಕೊಳ್ಳೋಣ" ಎಂದರು ಕಾರ್ಯದರ್ಶಿ. ಅವರ ದನಿ ಈಗ ಮೆತ್ತಗಾಗಿತ್ತು. "ಇಷ್ಟು ಎತ್ತರದಲ್ಲಿ ಯಾಕೆ ಹಾಕಿದ್ರಿ?"

"ಮಕ್ಕಳ ಕೈಗೆ ಸಿಗಬಾರದು ಅಂದ್ರು ಫಾದರ್. ಉಡುಪುಗಳನ್ನ ಹಾಳು ಮಾಡ್ತಾರಂತೆ."

"ನೋಡಿ, ಕಾರಣ ಇತ್ತಲ್ಲ. ಮಕ್ಕಳು ಒಳಗೆ ಹೋಗಬಾರದು ಅಂತ."

ಬಡಗಿ ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಯಾರೂ ಮುಂದೆ ಕೇಳುತ್ತಿರಲಿಲ್ಲ. ಆದರೆ ಅವನು ಉಳಿಯ ಮೊನೆಯಿಂದ ಆ ತೂತುಗಳನ್ನು ತೋರಿಸಿದ.

"ಮಕ್ಕಳು ಒಳಗೆ ಹೋಗಬಾರದು ಅಂದ್ರೆ ಚಿಲಕ ಹೊರಗಡೆ ಇರಬೇಕು ಸ್ವಾಮಿ. ಇದು ಒಳಗಡೆ. ಒಳಗೆ ಸೇರಿದ ಮಗುವಿಗೆ ತೆಗೆಯೋಕಾಗದ ಚಿಲಕ ಇದು. ಬೇರೆಯವರಿಗೆ ತಿಳೀದೆ ಹೋಗಬಹುದು, ನಾನು ಬಡಗಿ. ಸ್ಟೂಲ್ ಮೇಲೆ ನಿಂತು ಅಳತೆ ಹಾಕೋವಾಗ್ಲೇ ನನಗೆ ಇದೇನೋ ಸರಿಯಿಲ್ಲ ಅನ್ನಿಸ್ತು. ದೊಡ್ಡವರು ಹೇಳ್ತಿದ್ದಾರೆ, ನಮಗ್ಯಾಕೆ ಅಂತ ಬಾಯಿ ಮುಚ್ಕೊಂಡು ಸ್ಕ್ರೂ ತಿರುಗಿಸಿದೆ."

ನ್ಯಾಯಾಧೀಶೆ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಅವನನ್ನೇ ನೋಡಿದರು. "ತೆಗೆದ ದಿನ ನೆನಪಿದೆಯಾ?"

"ತಾರೀಖು ನೆನಪಿಲ್ಲ ಮೇಡಂ. ಮಂಗಳವಾರ ಸಂಜೆ. ಬುಧವಾರ ಬೆಳಿಗ್ಗೆ ಮಕ್ಕಳ ಹೊಸ ನಿಲುವಂಗಿ ಬರೋದಿತ್ತು, ಅಷ್ಟರಲ್ಲಿ ಪಾಲಿಶ್ ಒಣಗಿರಬೇಕು ಅಂದಿದ್ರು."

ಹಿಂದಿನ ಬೆಂಚಿನಲ್ಲಿ ಏನೋ ಸರಿದಾಡಿದ ಸದ್ದಾಯಿತು. ಹೊಲಿಗೆ ಅಕ್ಕ ಎದ್ದು ಬರುತ್ತಿದ್ದಳು. ಯಾರೂ ಆಕೆಯನ್ನು ಕರೆದಿರಲಿಲ್ಲ. ಬಾಗಿಲಿನ ಮುಂದೆ ನಿಂತು, ಕೈ ಎತ್ತಿ, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳ ತುದಿಯನ್ನು ಒಂದು ತೂತಿಗೆ ಒತ್ತಿದಳು. ಆಮೇಲೆ ಇನ್ನೊಂದಕ್ಕೆ. ನಾಲ್ಕಕ್ಕೂ ಒತ್ತಿದಳು.

"ಮಗ ನನಗೆ ಹೇಳಿದ್ದು ಅದರ ಹಿಂದಿನ ದಿನ, ಸೋಮವಾರ" ಎಂದಳು. ನ್ಯಾಯಾಧೀಶೆಗೆ ಹೇಳಿದಂತಿರಲಿಲ್ಲ, ಬಾಗಿಲಿಗೆ ಹೇಳಿದಂತಿತ್ತು. "ಮಂಗಳವಾರ ಬೆಳಿಗ್ಗೆ ನಾನು ಫಾದರ್‌ನ ಕೇಳಿದೆ. ಚಿಲಕ ಹಾಕ್ತೀರಂತೆ, ಹೌದಾ ಅಂತ. ಅವರು ನಕ್ಕುಬಿಟ್ರು. ಯಾವ ಚಿಲಕ, ನಾಳೆ ನಿಲುವಂಗಿ ತರ್ತೀರಲ್ಲ, ನೀವೇ ನೋಡಿ ಅಂದ್ರು. ಬುಧವಾರ ಬಂದೆ. ಬಾಗಿಲು ಮುಚ್ಚಿ, ಮೇಲೆ ಕೆಳಗೆ ಕೈಯಾಡಿಸಿ ನೋಡಿದೆ. ಒಂದು ಗೀರೂ ಇರಲಿಲ್ಲ."

ಬಡಗಿ ಉಳಿಯನ್ನು ಮೇಜಿನ ಮೇಲೆ, ನಾಲ್ಕು ಬೆಣೆಗಳ ಪಕ್ಕ ಇಟ್ಟ.

"ಮನೆಗೆ ಹೋಗಿ ಹೊಡೆದೆ" ಎಂದಳು ಆಕೆ. "ದೇವರ ಮನುಷ್ಯನ ಮೇಲೆ ಸುಳ್ಳು ಹೇಳ್ತೀಯಾ ಅಂತ ಹೊಡೆದೆ. ಅವನು ಇತ್ತಮ್ಮಾ, ಇತ್ತಮ್ಮಾ ಅಂತಲೇ ಇದ್ದ. ಇಲ್ಲ ಅನ್ನೋವರೆಗೂ ಬಿಡಲಿಲ್ಲ ನಾನು. ಕೊನೆಗೆ ಇಲ್ಲ ಅಂದ. ಆಮೇಲೆ ನನ್ನ ಹತ್ರ ಮಾತೇ ಬಿಟ್ಟ."

ಡ್ರೈವರ್ ತನ್ನ ಜಾಗದಿಂದ ಎದ್ದು ಬಂದ. ಬಡಗಿಯ ಪಕ್ಕದಲ್ಲೇ ಹಾದುಹೋದ, ಅವನ ಕಡೆ ತಿರುಗಲಿಲ್ಲ. ತಿರುಗಲಿ ಎಂದು ಬಡಗಿ ಆಸೆಪಡಲೂ ಇಲ್ಲ. ತೂತಿನಿಂದ ಬೆರಳು ತೆಗೆಯದೆ ನಿಂತಿದ್ದ ತಾಯಿಯ ಮಣಿಕಟ್ಟನ್ನು ಮಗ ಮೆಲ್ಲಗೆ ಹಿಡಿದ.

"ಇತ್ತಮ್ಮಾ" ಎಂದ.

"ಇತ್ತು ಕಣೋ" ಎಂದಳು ಆಕೆ.