ಕಾಫಿ ಆರುವ ಮೊದಲೇ ಮುಗಿದ ಇನ್‌ಸ್ಟಾಲ್

ರೆನ್ ನಗರದ ಆ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಎಲ್ಲರ ಮುಖದಲ್ಲೂ ಹಬ್ಬದ ಕಳೆ. ಸೊಲೆನ್‌ಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಇವೊನ್ ಅರ್ಧ ಆಯುಷ್ಯ ಸವೆಸಿ ಒಂದು ಕಂಪೈಲರ್ ಕಟ್ಟಿದ್ದ. ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವಾಗ ಅದು ಅರ್ಥ ಕೆಡಿಸುವುದಿಲ್ಲವೆಂದು ಗಣಿತದ ಪುರಾವೆ ಕೊಟ್ಟಿದ್ದ. ಅದನ್ನು ತಮ್ಮ ಕಂಪ್ಯೂಟರಿಗೆ ಹಾಕಿಕೊಳ್ಳುವಷ್ಟರಲ್ಲಿ ಮಾತ್ರ ಜನರಿಗೆ ಸಾಕುಸಾಕಾಗುತ್ತಿತ್ತು. ಒಂದು ಸಾಲಿನ ಆಜ್ಞೆ ಒತ್ತಿದರೆ ಪ್ಯಾಕೇಜ್ ಮ್ಯಾನೇಜರ್ ಎಂಬ ತಂತ್ರಾಂಶವೇ ತಂದು ಕೂರಿಸುವಂತೆ ಮಾಡಿದವಳು ಸೊಲೆನ್. ಇವತ್ತು ಮಧ್ಯಾಹ್ನ ಇವೊನ್‌ನ ಬೀಳ್ಕೊಡುಗೆ. ಎಲ್ಲರೆದುರು ಅವನೇ ಆ ಸಾಲು ಒತ್ತುವವನಿದ್ದ.

"ಬೆಳಿಗ್ಗೆ ನಾನೂ ಹಾಕ್ಕೊಂಡೆ ಕಣೇ. ಕಾಫಿ ಆರೋದ್ರೊಳಗೆ ಮುಗೀತು! ಪರೀಕ್ಷೆ ಎಲ್ಲಾ ಪಾಸು," ಎಂದ ಪಕ್ಕದ ಮೇಜಿನ ಮಾಲೊ.

ಆ ಹೊಗಳಿಕೆಯೇ ಸೊಲೆನ್‌ಗೆ ಮುಳ್ಳಿನಂತೆ ಚುಚ್ಚಿತು. ಕೂರಿಸುವ ಮುನ್ನ ಕಂಪ್ಯೂಟರ್ ಆ ಪುರಾವೆಯನ್ನೆಲ್ಲ ಮತ್ತೆ ಪರಿಶೀಲಿಸಬೇಕು. ಅದಕ್ಕೆ ಇಡೀ ಮಧ್ಯಾಹ್ನ ಹಿಡಿಯಬೇಕು. ಸೊಲೆನ್ ಕೂರಿಸುವ ಕೆಲಸಕ್ಕೆಂದು ತಾನು ಬರೆದಿದ್ದ ಸ್ಕ್ರಿಪ್ಟ್ ತೆರೆದಳು. ಪ್ರಯೋಗದ ದಿನಗಳಲ್ಲಿ ಕಾಯಲಾರದೆ ತಾನೇ ಸೇರಿಸಿದ್ದ ಸಾಲು ಅಲ್ಲೇ ಇತ್ತು: ಪುರಾವೆ ಬಿಡು, ಹಳೆಯ ಕಂಪೈಲರನ್ನೇ ಕೂರಿಸು. ಎಲ್ಲರೂ ಮೊದಲಿನಿಂದ ಬಳಸುತ್ತಿದ್ದ ಆ ಹಳೆಯದಕ್ಕೆ ಪುರಾವೆಯ ಗಂಧವೂ ಇರಲಿಲ್ಲ. ಕೆಲಸ ಮಾತ್ರ ಚೆನ್ನಾಗಿಯೇ ಮಾಡುತ್ತಿದ್ದುದರಿಂದ ಪರೀಕ್ಷೆಗಳೂ ಪಾಸಾಗಿದ್ದವು. ಅಲ್ಪವಿರಾಮಕ್ಕೂ ಸಾಕ್ಷಿ ಕೇಳುವ ಈ ಮಹಾಶಯರಲ್ಲಿ ಒಬ್ಬರಾದರೂ ಕೂರಿಸುವ ಆ ನಾಲ್ಕು ಸಾಲು ಓದಿರಲಿಲ್ಲ!

"ಇವತ್ತು ಸುಮ್ನಿರು. ನಾಳೆ ಸದ್ದಿಲ್ದೆ ಸರಿ ಮಾಡು," ಎಂದ ಅವಳ ಪರದೆಯತ್ತ ಬಗ್ಗಿ ನೋಡಿದ ಮಾಲೊ. "ಮುದುಕನ ಖುಷಿ ಯಾಕೆ ಕೆಡಿಸ್ತೀಯ?"

ಅವಳಿಗೂ ಹಾಗೇ ಅನ್ನಿಸಿತು. ಆದರೂ ಸಾಲು ಅಳಿಸಿ, ತಿದ್ದಿದ್ದನ್ನು ಸರ್ವರಿಗೆ ಕಳಿಸಿ, ಓಡಿದಳು. ಸೇಬಿನ ಮದ್ಯದ ಲೋಟ ಹಿಡಿದು ಇವೊನ್ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ.

"ಇವೊನ್, ಒಂದ್ನಿಮಿಷ!"

"ಯಾಕೆ ತಾಯಿ, ನನ್ನ ಕಳಿಸೋಕೆ ಮನಸ್ಸಿಲ್ವಾ?" ಎಲ್ಲರೂ ನಕ್ಕರು.

"ಬೆಳಿಗ್ಗೆಯಿಂದ ಎಲ್ರೂ ಹಾಕ್ಕೊಂಡಿರೋದು ನಿಂದಲ್ಲ, ಹಳೇದು. ತಪ್ಪು ನಂದು. ಈಗ ತಿದ್ದಿದೀನಿ. ಆದ್ರೆ ಒತ್ತಿದ್ರೆ ಸಂಜೆವರೆಗೂ ಮುಗಿಯಲ್ಲ."

ನಗು ನಿಂತಿತು. ಇವೊನ್ ಲೋಟ ಕೆಳಗಿಟ್ಟ. ಅವನ ಕಿವಿ ಕೆಂಪಾದವು.

"ಎಷ್ಟು ಬೇಗ, ಎಷ್ಟು ಬೇಗ ಅಂತ ಎಲ್ರೂ ಹೊಗಳಿದ್ರು. ನಾನೂ ಹಿಗ್ಗಿದೆ," ಎಂದ. "ನನಗೇ ಅನುಮಾನ ಬರ್ಲಿಲ್ವಲ್ಲೇ."

ಆಮೇಲೆ ಒತ್ತಿದ. ಪರದೆಯ ಮೇಲೆ ಪುರಾವೆಯ ಸಾಲುಗಳು ಒಂದೊಂದಾಗಿ ತೆವಳತೊಡಗಿದವು. ಬಾಟಲಿ ಖಾಲಿಯಾದವು, ಜನ ಅಲ್ಲಿನ ರೂಢಿಯಂತೆ ಕೆನ್ನೆಗೆ ಕೆನ್ನೆ ತಾಗಿಸಿ ವಿದಾಯ ಹೇಳಿ ಒಬ್ಬೊಬ್ಬರಾಗಿ ಹೊರಟರು. ಸೊಲೆನ್ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತಳು.

"ನಿನ್ನ ದಿನಾನೇ ಹಾಳು ಮಾಡ್ಬಿಟ್ಟೆ," ಎಂದಳು.

ಇವೊನ್ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಎಷ್ಟು ನಿಧಾನ ನೋಡೇ," ಎಂದ. "ಇದು ನಂದೇ."